“ನಿಮ್ಮ ಸರ್ ಏನು ಕಂಡುಹಿಡಿದರು?”

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಮ್ಮ ಸರ್‌ಗೆ ಸನ್ಮಾನ ಮಾಡಿದೆವು. ಫೋಟೊ ಹಾಕಿದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ. ನೆಂಟರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ. ಮೊನ್ನೆ ಧಾರವಾಡದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೂ ಕೇಳಿದರು: “ನ್ಯೂಕ್ಲಿಯರ್ ಎಂಜಿನಿಯರಿಂಗ್ ಪ್ರೊಫೆಸರ್ ಅಂತೀರಿ. ಅವರು ಏನು ಕಂಡುಹಿಡದಾರ್ರೀ?”

ಬಸ್ಸಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಸರ್ ಅಂತಲೇ ಕರೆಯುತ್ತೇನೆ.

ಸರ್ ನವಲಗುಂದದ ಕಡೆಯವರು. ಮುಂಬೈನ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ತರಬೇತಿ ಪಡೆದು, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ, 1978ರಲ್ಲಿ ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಬಂದರು. ಮುಂಬೈ ಯಾಕೆ ಬಿಟ್ಟಿರಿ ಅಂದರೆ, “ಅಲ್ಲಿ ನನ್ನಂಥಾವ್ರು ನೂರು ಮಂದಿ ಅದಾರ. ಇಲ್ಲಿ ಯಾರದಾರ?” ಅನ್ನುತ್ತಿದ್ದರು. 2012ರಲ್ಲಿ ನಿವೃತ್ತರಾದರು. ಒಟ್ಟು 34 ವರ್ಷ.

ನಾನು ಕೊನೆಯ ವರ್ಷಕ್ಕೆ ಬಂದದ್ದು 1994ರಲ್ಲಿ. ಆ ವರ್ಷ ಮೇ 13ರಂದು ಕೈಗಾ ಅಣುಸ್ಥಾವರದಲ್ಲಿ, ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟ್ ಕಳಚಿ ಬಿದ್ದಿತ್ತು. ಇಂಧನ ತುಂಬುವುದು ದೂರದ ಮಾತಾಗಿತ್ತು, ಹಾಗಾಗಿ ವಿಕಿರಣ ಸೋರುವ ಪ್ರಶ್ನೆ ಇರಲಿಲ್ಲ. ಆದರೆ ನಮ್ಮ ಕಡೆ ಜನರಿಗೆ ಭಯ ಜಾಸ್ತಿಯಾಯಿತು. ಆಗದೆ ಇರುತ್ತದೆಯೇ? ಯಲ್ಲಾಪುರ ದಾಟಿ ಘಟ್ಟ ಇಳಿದರೆ ಕೈಗಾ. 1989ರಲ್ಲಿ ಶಿವರಾಮ ಕಾರಂತರು ಆ ಸ್ಥಾವರವನ್ನು ವಿರೋಧಿಸಿ ಲೋಕಸಭೆ ಚುನಾವಣೆಗೇ ನಿಂತಿದ್ದರು.

ಸರ್ ಮೊದಲ ಕ್ಲಾಸಿಗೆ ಬಂದವರು ಪುಸ್ತಕ ತೆಗೆಯಲಿಲ್ಲ. ಬೋರ್ಡಿನ ಮೇಲೆ ಗುಮ್ಮಟ ಬರೆದರು. ಕಾಂಕ್ರೀಟಿನೊಳಗೆ ಬಾಗಿಸಿ ಹಾಯಿಸಿದ ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿದಾಗ ಯಾವ ಕಡೆ ಬಲ ಬೀಳುತ್ತದೆ ಅಂತ ಬಾಣ ಹಾಕಿಸಿದರು. ಕಾರಂತರು ಹೇಳಿದ್ದನ್ನೂ ಸರ್ಕಾರ ಹೇಳಿದ್ದನ್ನೂ ಓದಿ ಬನ್ನಿ ಅಂದರು. ಹಿಂದಿನ ಬೆಂಚಿನಲ್ಲಿ ಒಬ್ಬ, “ಸರ್, ನಮಗ ಅಂಜಿಕಿ ಆಗ್ತದ” ಅಂದ. ಯಾರೂ ನಗಲಿಲ್ಲ, ಸರ್ ಕೂಡ. “ಲೆಕ್ಕಾ ಮಾಡಿ ನೋಡು ತಮ್ಮಾ. ಆಮ್ಯಾಲೂ ಅಂಜಿಕಿ ಆತಂದ್ರ ಬಾ, ಇಬ್ರೂ ಕೂಡಿ ಅಂಜೋಣು.”

ಲೆಕ್ಕ ಇದು. ಯುರೇನಿಯಂ ಪರಮಾಣು ಒಡೆದಾಗ ನ್ಯೂಟ್ರಾನ್‌ಗಳು ಹೊರಬರುತ್ತವೆ. ಅವು ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಕೈಗಾದಲ್ಲಿರುವಂಥ ಭಾರಜಲದ ರಿಯಾಕ್ಟರಿನಲ್ಲಿ ಈ ಒಂದು ಸುತ್ತಿಗೆ ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗ ಹಿಡಿಯುತ್ತದೆ. ಪ್ರತಿ ಸುತ್ತಿನಲ್ಲಿ ನ್ಯೂಟ್ರಾನ್‌ಗಳು ಸಾವಿರಕ್ಕೆ ಒಂದರಂತೆ ಹೆಚ್ಚಾದರೆ 10 ಸೆಕೆಂಡಿನಲ್ಲಿ ಶಕ್ತಿ ಎಷ್ಟು ಪಟ್ಟು? ನಾವು ಕ್ಯಾಲ್ಕುಲೇಟರ್ ಒತ್ತಿದೆವು. ಸುಮಾರು 22,000 ಪಟ್ಟು! ಕ್ಲಾಸು ಗಪ್ಪಾಯಿತು. ಸರ್ ಪೂರ್ತಿ ಎರಡು ನಿಮಿಷ ನಮ್ಮನ್ನು ಹಾಗೇ ಬಿಟ್ಟರು.

ಆಮೇಲೆ ಹೇಳಿದರು. ಯುರೇನಿಯಂ-235 ಒಡೆದಾಗ ಬರುವ ನ್ಯೂಟ್ರಾನ್‌ಗಳಲ್ಲಿ ನೂರಕ್ಕೆ 0.65ರಷ್ಟು ತಡವಾಗಿ ಹುಟ್ಟುತ್ತವೆ. ಕೆಲವು ಅರೆಕ್ಷಣದಲ್ಲಿ, ಕೆಲವು ಒಂದು ನಿಮಿಷ ಕಳೆದ ಮೇಲೆ. ಸರಪಳಿ ಮುಂದೆ ಹೋಗಲು ಇವು ಬರುವ ತನಕ ಕಾಯಲೇಬೇಕು. ಇವನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದೆವು. ಅದೇ 10 ಸೆಕೆಂಡಿನಲ್ಲಿ ಶಕ್ತಿ ಎರಡು ಪಟ್ಟು ಕೂಡ ಆಗುವುದಿಲ್ಲ. ಮನುಷ್ಯನಿಗೆ, ಯಂತ್ರಕ್ಕೆ, ತಡೆಯಲು ಸಮಯ ಸಿಗುವುದು ಇಲ್ಲಿಂದ. ಕ್ಲಾಸಿನಲ್ಲಿ ಕೂತು ನನಗೆ ಮೈ ಜುಮ್ ಅಂದದ್ದು ಅದೊಂದೇ ದಿನ.

ಇನ್ನು ಸಂಶೋಧನೆ. ಭೌತಶಾಸ್ತ್ರ ವಿಭಾಗದ ಹಿಂದಿನ ಸಣ್ಣ ಕೋಣೆಯಲ್ಲಿ ಅವರದೊಂದು ವಿಕಿರಣ ಮೂಲ ಇತ್ತು, ಸೀಸಿಯಂ-137 ಅನ್ನುವ ವಸ್ತು, ಸೀಸದ ಡಬ್ಬಿಯಲ್ಲಿ. ಅದು ಹೊರಗೆ ಬಿಡುವ ಗಾಮಾ ಕಿರಣಗಳನ್ನು ಇಟ್ಟಿಗೆ, ಕಲ್ಲು, ಬೇರೆ ಬೇರೆ ಕಾಂಕ್ರೀಟ್ ಎಷ್ಟು ತಡೆಯುತ್ತವೆ ಅಂತ ವರ್ಷಗಟ್ಟಲೆ ಅಳೆದರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಗೋಡೆಯಿಂದ ಹಿಡಿದು ರಿಯಾಕ್ಟರಿನ ಗೋಡೆಯವರೆಗೆ, ದಪ್ಪ ಎಷ್ಟಿರಬೇಕು ಅಂತ ನಿರ್ಧರಿಸುವವರಿಗೆ ಇಂಥ ಅಂಕಿಗಳೇ ಆಧಾರ. ಯಾರೋ ಒಬ್ಬರು ಕೂತು ಅಳೆದಿರಬೇಕಲ್ವಾ?

ಅಳೆಯುವುದರಲ್ಲಿ ಸರ್ ಬಹಳ ಬಿಗಿ. ವಿಕಿರಣ ತಾಳ ಹಾಕಿದಂತೆ ಬರುವುದಿಲ್ಲ. ಕೌಂಟರಿನಲ್ಲಿ 100 ಕಿರಣ ಎಣಿಸಿದರೆ ನೂರಕ್ಕೆ 10ರಷ್ಟು ಆಚೆ ಈಚೆ ಆಗಬಹುದು. 10,000 ಎಣಿಸಿದರೆ ನೂರಕ್ಕೆ ಒಂದು. ಹಾಗಾಗಿ 10,000 ಆಗುವ ತನಕ ನಾವು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಮಧ್ಯಾಹ್ನದ ರೊಟ್ಟಿ ಬುತ್ತಿ ಎಷ್ಟೋ ಸಲ ಸಂಜೆ ಬಿಚ್ಚಿದ್ದೇವೆ. ದಪ್ಪ ಗೋಡೆಯ ಹಿಂದೆ ಕೌಂಟರ್ ಬಹಳ ನಿಧಾನ ಓಡುತ್ತದೆ. ರಿಜಿಸ್ಟರಿನಲ್ಲಿ ಅಂಕಿಯ ಮುಂದೆ ತಪ್ಪಿನ ಪ್ರಮಾಣ ಬರೆಯದಿದ್ದರೆ ಸರ್ ಆ ಸಾಲನ್ನೇ ಹೊಡೆದುಹಾಕುತ್ತಿದ್ದರು.

ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, ಅಂದರೆ 30 ವರ್ಷಕ್ಕೆ ಅರ್ಧ ಮಾತ್ರ ಉಳಿಯುತ್ತದೆ. ಸರ್ ಅದನ್ನು ತರಿಸಿದ್ದು ಕಾಲೇಜಿಗೆ ಸೇರಿದ ವರ್ಷವೇ. ಈಗ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುವುದು ಪ್ರತಿ ಬ್ಯಾಚಿನ ಮೊದಲ ಕೆಲಸ. ಅವರು ನಿವೃತ್ತರಾಗುವಾಗ ನೂರಕ್ಕೆ 46ರ ಹತ್ತಿರ ಇತ್ತು. ಮೂಲ ಬಲ ಕಳೆದುಕೊಂಡಂತೆ ಹುಡುಗರು ಕೂರುವ ಹೊತ್ತು ಜಾಸ್ತಿಯಾಯಿತು. ಹೊಸದು ತರಿಸೋಣ ಸರ್, ಅಂದರೆ ಒಪ್ಪಲಿಲ್ಲ.

ಹೀಗೆ ಕೂತು ಎದ್ದವರಲ್ಲಿ ಕೆಲವರು ಕೈಗಾದಲ್ಲೇ ಕೆಲಸಕ್ಕೆ ಸೇರಿದರು. ಅದೇ ಒಂದನೇ ಘಟಕ, ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ ಕಟ್ಟಿದ ಮೇಲೆ 2000ರಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಆ ದಿನ ಫೋನ್ ಮಾಡಿದಾಗ ಸರ್ ಧ್ವನಿ ಗದ್ಗದವಾಗಿತ್ತು.

ಬಸ್ಸಿನ ಹಿರಿಯರೇ, ಅವರ ಹೆಸರಿನ ಸೂತ್ರ ಯಾವ ಪುಸ್ತಕದಲ್ಲೂ ಇಲ್ಲ. ನಂಬಬಹುದಾದ ಅಂಕಿಗಳನ್ನು ಕೊಟ್ಟರು. ಅಂಕಿಯನ್ನು ಸುಮ್ನೆ ನಂಬದ ಹುಡುಗರನ್ನು ತಯಾರು ಮಾಡಿದರು. ನನ್ನ ಮಟ್ಟಿಗೆ ಇದು ದೊಡ್ಡ ಕೆಲಸ.

ಸನ್ಮಾನದ ದಿನ ಶಾಲು ಹೊದಿಸಿ ಕಾಲಿಗೆ ಬಿದ್ದೆ. ಸರ್ ಬಗ್ಗಿ ಕೇಳಿದರು, “ಸೀಸಿಯಂ ಈಗ ಎಷ್ಟದ?” ಆಮಂತ್ರಣ ಪತ್ರದ ಹಿಂದೆಯೇ ಲೆಕ್ಕ ಹಾಕಿ ನೂರಕ್ಕೆ 34 ಅಂದೆ.

“ಎಣಿಸಿದ್ಯೋ, ಬರೇ ಲೆಕ್ಕಾ ಹಾಕಿದ್ಯೋ?”

ಮುಂದಿನ ಶನಿವಾರ ನಾವು ನಾಲ್ಕು ಜನ ಅನುಮತಿ ಪಡೆದು ಆ ಕೋಣೆಗೆ ಹೋದೆವು. 10,000 ಆಗುವ ತನಕ ಕೂತೆವು. ಸಂಜೆ ಫೋನ್ ಮಾಡಿದರೆ, ಎಷ್ಟು ಬಂತು ಅಂತ ಕೇಳುವ ಮೊದಲು, ತಪ್ಪು ಎಷ್ಟು ಅಂತ ಕೇಳಿದರು.

“ನೂರಕ್ಕ ಒಂದು, ಸರ್.”

“ಹಾಂ. ಈಗ ಹೇಳು.”