ಮನೆ ಕತೆ ಹೇಳೋವಾಗ ನಕ್ಷತ್ರ ಯಾಕೆ ಬರತ್ತೆ?

ಎಮರ್ಜೆನ್ಸಿ ಬಗ್ಗೆ ನಾನು ಎಲ್ಲಿ ಮಾತಾಡಿದ್ರೂ ಕೊನೆಗೆ ಯಾರಾದ್ರೂ ಕೇಳೇ ಕೇಳ್ತಾರೆ, ಅಲ್ಲ, ನೀವು ಶುರು ಮಾಡಿದ್ದು ನಿಮ್ಮ ಚಿಕ್ಕಮಾವನ ಜೈಲಿನ ಕತೆ, ಮಧ್ಯೆ ಈ ಪುನರ್ವಸು ನಕ್ಷತ್ರ ಎಲ್ಲಿಂದ ಬಂತು ಅಂತ. ಎಲ್ರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಪೂರ್ತಿ ಬರೀತೀನಿ.

ನಮ್ಮಮ್ಮಂಗೆ ಇಬ್ರು ಅಣ್ಣಂದಿರು. ದೊಡ್ಡಮಾವ ಬೆಂಗಳೂರಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟೋವಾಗ ವೈರಿಂಗ್ ಕೆಲಸದಲ್ಲಿದ್ರು. ಯು.ಆರ್. ರಾವ್ ಮುಂದೆ ನಿಂತು ಮಾಡಿಸಿದ್ದು ಅದು, 360 ಕೆಜಿ, 26 ಮುಖದ್ದು, ದೇಶದ ಮೊದಲನೇ ಉಪಗ್ರಹ. 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ ಮೇಲೆ ಕಪುಸ್ತಿನ್ ಯಾರ್‌ನಿಂದ ಹಾರಿತು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅಜ್ಜಿ ಪಾಯಸ ಮಾಡಿದ್ರಂತೆ. ಅದಾಗಿ 67 ದಿನಕ್ಕೆ, ಜೂನ್ 25ರ ರಾತ್ರಿ ಎಮರ್ಜೆನ್ಸಿ ಬಂತು. ಜುಲೈನಲ್ಲಿ ಪುನರ್ವಸು ಮಳೆ ಹಿಡ್ಕೊಂಡು ಹುಯ್ಯೋವಾಗ, ಇಂದಿರಾ ಸರ್ಕಾರದ ವಿರುದ್ಧ ಜಯಪ್ರಕಾಶ್ ನಾರಾಯಣರ ಜೆಪಿ ಚಳವಳಿ ಅಂತ ಓಡಾಡ್ತಿದ್ದ ಚಿಕ್ಕಮಾವನನ್ನ ಬೆಳಗಿನ ಜಾವ ಜೀಪಲ್ಲಿ ಕರ್ಕೊಂಡು ಹೋದ್ರು. ಮೀಸಾ ಅನ್ನೋ ಬಂಧನದ ಕಾಯ್ದೆ. ಯಾವ ತಪ್ಪಿಗೆ ಅಂತ ಹೇಳ್ಬೇಕಾಗಿಲ್ಲ, ವಿಚಾರಣೆ ಇಲ್ಲ. ಮುಂದಿನ ಏಪ್ರಿಲ್‌ನಲ್ಲಂತೂ ಸುಪ್ರೀಂ ಕೋರ್ಟೇ ಇಂಥೋರು ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದಿಟ್ಟಿದ್ದು ಸರಿಯಾ ಅಂತ ಕೋರ್ಟು ನೋಡ್ಬೇಕು ಅನ್ನೋ ಅರ್ಜಿ, ಹಾಕೋ ಹಾಗಿಲ್ಲ ಅಂತ ಹೇಳ್ಬಿಡ್ತು, ಐದು ಜಡ್ಜಲ್ಲಿ ಎಚ್.ಆರ್. ಖನ್ನಾ ಒಬ್ರೇ ಒಪ್ಪಲಿಲ್ಲ.

ಒಂದೇ ಮನೆ, ಒಬ್ಬ ಮಗನ ಕೆಲಸ ಆಕಾಶದಲ್ಲಿ, ಇನ್ನೊಬ್ಬ ಮಗ ಗೋಡೆ ಒಳಗೆ. ಅಜ್ಜಿ ಒಂದ್ಸಲ ದೊಡ್ಡಮಾವನ್ನ ಕೇಳಿದ್ರಂತೆ, "ನೀವು ಬಿಟ್ಟಿದ್ದು ದಿನಾ ಸುತ್ತು ಹೊಡೀತದಲ್ಲ, ಜೈಲಿನ ಮೇಲೆ ಹೋಗೋವಾಗ ಅದಕ್ಕೆ ನಮ್ಮ ಹುಡುಗ ಕಾಣ್ತಾನೇನಾ?" ಅದು 96 ನಿಮಿಷಕ್ಕೊಂದು ಸುತ್ತು ಹಾಕ್ತಿತ್ತು ನಿಜ, ಆದ್ರೆ ಅದರಲ್ಲಿ ಇಟ್ಟಿದ್ದು ನಕ್ಷತ್ರಗಳಿಂದ ಬರೋ ಎಕ್ಸ್-ರೇ, ಸೂರ್ಯನಿಂದ ಬರೋ ನ್ಯೂಟ್ರಾನು ಇಂಥವನ್ನ ಹಿಡಿಯೋ ಸಾಧನ, ಅವೂ ನಾಲ್ಕೈದು ದಿನಕ್ಕೇ ಕರೆಂಟ್ ಸಪ್ಲೈ ಕೆಟ್ಟು ನಿಂತುಹೋಗಿದ್ವು. ದೊಡ್ಡಮಾವ ಅದೇನೂ ಹೇಳದೆ "ಇಲ್ಲಮ್ಮ, ಅದಕ್ಕೆ ಕೆಳಗಡೆ ಕಣ್ಣಿಲ್ಲ" ಅಂದು ಎದ್ದುಹೋದ್ರಂತೆ.

ಜನವರಿಯಲ್ಲಿ ಜೈಲಿಂದ ಒಂದು ಪೋಸ್ಟ್ ಕಾರ್ಡು ಬಂತು. ಆ ಕಾರ್ಡು ಈಗ ನನ್ನ ಹತ್ರ ಇದೆ. ಅಂಚೆಲ್ಲ ಮೆತ್ತಗಾಗಿದೆ, ಒಂದು ಮೂಲೇಲಿ ಅಜ್ಜಿಯ ಬೆರಳಿನ ಸುಣ್ಣದ ಗುರುತು, ಯಾಕಂದ್ರೆ ಅದು ಎಷ್ಟೋ ವರ್ಷ ಅವರ ಎಲೆಅಡಿಕೆ ಸಂಚಿಯಲ್ಲೇ ಇತ್ತು, ಜೊತೆಗೆ ಆಮೇಲೆ ಬಂದ ಆರ್ಯಭಟದ ಚಿತ್ರ ಇರೋ ಒಂದು 2 ರೂಪಾಯಿ ನೋಟು, ಮಡಿಚಿ ಮಡಿಚಿ ಸೀಳಿದ್ದು. ಕಾರ್ಡಲ್ಲಿ ಹತ್ತು ಸಾಲಿದ್ರೆ ಏಳು ಸಾಲಿಗೆ ಕಪ್ಪು ಇಂಕು ಬಳಿದಿದಾರೆ. ಬೆಳಕಿಗೆ ಹಿಡಿದ್ರೂ ಓದೋಕೆ ಬರಲ್ಲ, ಹಿಂದುಗಡೆಯಿಂದ ಪೆನ್ನು ಒತ್ತಿದ್ದು ಮಾತ್ರ ಬೆರಳಿಗೆ ಸಿಗತ್ತೆ. ಉಳಿದಿರೋದು ಆರೋಗ್ಯವಾಗಿದ್ದೇನೆ ಅನ್ನೋದು, ಸಹಿ, ಮತ್ತೆ ಒಂದು ಸಾಲು: "ರಾತ್ರಿ ಮೂಡಲ ಕಿಟಕಿಯಲ್ಲಿ ಪುನರ್ವಸು ಎರಡೂ ಕಾಣುತ್ತವೆ, ಅಮ್ಮನಿಗೆ ಹೇಳಿ."

ಸೆನ್ಸಾರ್ ಮಾಡಿದೋರಿಗೆ ನಕ್ಷತ್ರದಲ್ಲಿ ಅಪಾಯ ಕಾಣಲಿಲ್ಲ. ಅಜ್ಜಿಗೆ ಮಾತ್ರ ಅದೊಂದರಲ್ಲೇ ಎಲ್ಲ ಇತ್ತು. ಅಜ್ಜಿಗೆ ಪುನರ್ವಸು ಅಂದ್ರೆ ಮಳೆ ಅಷ್ಟೇ ಗೊತ್ತಿದ್ದಿದ್ದು. ಆ ಮಳೆಯ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಹತ್ರಾನೇ ಇರ್ತಾನೆ, ಹಾಗಾಗಿ ಅದು ಕಣ್ಣಿಗೆ ಬೀಳಲ್ಲ, ರಾತ್ರಿಯೆಲ್ಲ ಕಾಣೋದು ಆರು ತಿಂಗಳು ಬಿಟ್ಟು, ಅಡಿಕೆ ಸುಲಿಯೋ ಚಳಿಗಾಲದಲ್ಲಿ. ಸುಲಿಯೋದು ಮುಗಿಸಿ ಅಂಗಳಕ್ಕೆ ಬಂದಾಗ ಮೇಲೆ ಬೆರಳು ಮಾಡಿ, ನೋಡಮ್ಮ ನಿನ್ನ ಮಳೆ ಇದೇ ಅಂತ ಮೊದಲ ಸಲ ತೋರಿಸಿದ್ದು ಚಿಕ್ಕಮಾವ.

ಆಗ ಅಮ್ಮಂಗೆ ಹನ್ನೊಂದು ವರ್ಷ. ದಿನಾ ಸಂಜೆ ಆ ಕಾರ್ಡನ್ನ ಅಜ್ಜಿಗೆ ಓದಿ ಹೇಳೋ ಕೆಲಸ ಅವಳದ್ದು. ಕಪ್ಪು ಬಂದಲ್ಲಿ ನಿಲ್ಲಿಸ್ತಿದ್ಲು, ಅಜ್ಜಿ "ಮುಂದೆ?" ಅಂತಿದ್ರು. ನಾಲ್ಕೈದು ದಿನ ಆದ್ಮೇಲೆ ಅಮ್ಮಂಗೆ ತಡೀಲಿಲ್ಲ, "ಊಟ ಚೆನ್ನಾಗಿ ಕೊಡ್ತಾರೆ ಅಂತ ಬರ್ದಿದಾನೆ" ಅಂದ್ಲು. ಮಾರನೇ ದಿನ "ಬೆಚ್ಚಗೆ ಕಂಬಳಿ ಇದೆಯಂತೆ." ಒಂದೊಂದು ಸಂಜೆ ಒಂದೊಂದು ಬರ್ತಿತ್ತು ಆ ಇಂಕಿನ ಕೆಳಗಿಂದ, ಅಜ್ಜಿಗೆ ಗೊತ್ತಾಗ್ತಿತ್ತು, ಆದ್ರೂ ಹೂಂಗುಟ್ಟುತಾ ಕೇಳ್ತಿದ್ರು. 1977ರಲ್ಲಿ ಚಿಕ್ಕಮಾವ ಬಿಡುಗಡೆ ಆಗಿ ಬಂದಾಗ ಮನೇಲಿ ಅವರನ್ನ ಮೊದಲು ಕೇಳಿದ್ದೇ ಆ ಕಪ್ಪಿನ ಕೆಳಗೆ ಏನಿತ್ತು ಅಂತ. ಅವರಿಗೆ ಏನು ಬರ್ದಿದ್ದೆ ಅನ್ನೋದೇ ಮರೆತುಹೋಗಿತ್ತು. ಎಲ್ರಿಗೂ ವಾಪಸ್ ಬರೋ ಭಾಗ್ಯ ಇರಲಿಲ್ಲ ಅನ್ನೋದನ್ನೂ ಹೇಳ್ಬೇಕು. ಬೆಂಗಳೂರು ಜೈಲಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಪೆರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನಕ್ಕೆ, ಆ ವರ್ಷದ ಜನವರಿ 20ಕ್ಕೆ ತೀರಿಕೊಂಡ್ರು.

ಆ ಎರಡು ನಕ್ಷತ್ರದ ಇಂಗ್ಲಿಷ್ ಹೆಸರು ಕ್ಯಾಸ್ಟರ್, ಪೊಲಕ್ಸ್. ಕೈ ಚಾಚಿ ಮೂರು ಬೆರಳು ಅಡ್ಡ ಹಿಡಿದ್ರೆ ಮಧ್ಯದ ಅಂತರ ಮುಚ್ಚಿಹೋಗತ್ತೆ, ನೋಡೋಕೆ ಅಣ್ತಮ್ಮಂದಿರ ಹಾಗಿದಾವೆ, ಆದ್ರೆ ದೂರ ಬೇರೆ ಬೇರೆ. ಸ್ವಲ್ಪ ಹಳದಿ ಛಾಯೆ ಇರೋ ಪೊಲಕ್ಸ್ ಸುಮಾರು 34 ಜ್ಯೋತಿರ್ವರ್ಷ, ಬಿಳೀ ಕ್ಯಾಸ್ಟರ್ ಸುಮಾರು 51, ಅಂದ್ರೆ ಅವುಗಳ ಬೆಳಕು ನಮ್ಮ ಹತ್ರ ಬರೋಕೆ ಅಷ್ಟಷ್ಟು ವರ್ಷ ಬೇಕು. ನಾನು ಒಂದು ರಾತ್ರಿ ಲೆಕ್ಕ ಹಾಕಿ ಸುಮ್ನೆ ಕೂತುಬಿಟ್ಟೆ. ಈಗ ಕಣ್ಣಿಗೆ ಬೀಳೋ ಪೊಲಕ್ಸ್ ಬೆಳಕು ಹೆಚ್ಚುಕಮ್ಮಿ 1992ರಲ್ಲಿ ಹೊರಟಿದ್ದು, ಆ ಫೆಬ್ರವರಿಯಲ್ಲೇ ದೊಡ್ಡಮಾವನ ಆರ್ಯಭಟ ವಾತಾವರಣಕ್ಕೆ ಬಿದ್ದು ಉರಿದುಹೋಗಿದ್ದು. ಕ್ಯಾಸ್ಟರ್ ಬೆಳಕು ಚಿಕ್ಕಮಾವನನ್ನ ಕರ್ಕೊಂಡು ಹೋದ ಕಾಲದ್ದು. ಪಂಚಾಂಗದಲ್ಲಿ ಪುನರ್ವಸುವಿಗೆ ದೇವತೆ ಅದಿತಿ, ದೇವತೆಗಳ ತಾಯಿ. ಅದಿತಿ ಅಂದ್ರೆ ಕಟ್ಟಿ ಹಾಕೋಕೆ ಆಗದೋಳು ಅಂತ ಅರ್ಥ. ನಮ್ಮಜ್ಜಿಗೆ ಅದು ಗೊತ್ತಿತ್ತೋ ಏನೋ, ಕೇಳೋಕೆ ಈಗ ಅವರಿಲ್ಲ.

ಈ ಜನವರಿಯಲ್ಲಿ ಅಮ್ಮನ್ನ ಟೆರೇಸಿಗೆ ಕರ್ಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಅವಳ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಆ ಕಣ್ಣಲ್ಲಿ ನೋಡಿ, ಈ ಕಣ್ಣಲ್ಲಿ ನೋಡಿ, ಕೊನೆಗೆ ಕೇಳಿದ್ಲು.

"ಆ ಬೆಳಕು ಅಲ್ಲಿಂದ ಹೊರಟ ದಿನ ಸಣ್ಣಣ್ಣ ಮನೇಲಿದ್ನಾ, ಒಳಗಿದ್ನಾ?"

ಅಷ್ಟು ಕರಾರುವಾಕ್ ಹೇಳೋಕೆ ಆಗಲ್ಲಮ್ಮ, ದೂರದ ಅಳತೆಯಲ್ಲೇ ವರ್ಷ ಒಪ್ಪತ್ತು ಹಿಂದುಮುಂದು ಇರತ್ತೆ ಅಂದೆ.

ಅಮ್ಮ ಶಾಲು ಸರಿ ಮಾಡ್ಕೊಂಡು ಮತ್ತೆ ಮೇಲೆ ನೋಡಿದ್ಲು.

"ಹಾಗಾದ್ರೆ ಮನೇಲೇ ಇದ್ದ ಅಂತ ಓದ್ಕೋ."