ಕರಡಿಗೆ ಶಬ್ದ ಕೂಡಿಸಿದ ದಿನ

17 ನವೆಂಬರ್ 2024, ಭಾನುವಾರ ರಾತ್ರಿ

ದರೋಜಿ ಕರಡಿಧಾಮದಲ್ಲಿ ತೆಗೆದ ಚಿತ್ರದ ದೃಶ್ಯಕ್ಕೆ ಶಬ್ದ ಕೂಡಿಸುವುದು ಇನ್ನೂ ಮುಗಿದಿಲ್ಲ. ಇರೋದು ಮೂರೂವರೆ ನಿಮಿಷ, ಅಷ್ಟೇ.

ಅಕ್ಕ ಮಧ್ಯಾಹ್ನ ಪುಟ್ಟಿಯನ್ನು ಬಿಟ್ಟು ಹೋಗಿದ್ದಳು. ಪುಟ್ಟಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು. ತಟ್ಟೆಯಲ್ಲಿ ಒಣಗಿದ ಎಲೆ ಹರಡಿ ಮುಷ್ಟಿಯಿಂದ ಒತ್ತಿದೆ; ಪರದೆ ಮೇಲೆ ಕರಡಿ ಹೆಜ್ಜೆ ಹಾಕಿತು. ಕಲ್ಲಿನ ಮೇಲೆ ಬಾಚಣಿಗೆ ಎಳೆದೆ. ಬಂಡೆಗೆ ಉಗುರು ಉಜ್ಜಿದ ಹಾಗಾಯಿತು. ಎಳನೀರು ಮುಗಿಯುವಾಗ ಸ್ಟ್ರಾದಲ್ಲಿ ಸೊರ್ ಅನ್ನುತ್ತಲ್ಲ, ಅದನ್ನು ಗೆದ್ದಲು ಹೀರುವ ಕಡೆ ಇಟ್ಟೆ.

"ಮಾಮ, ಇದು ಕರಡಿದಲ್ಲ ಅಲ್ವಾ?"

"ಅಲ್ಲ ಪುಟ್ಟಿ. ತುಂಬಾ ದೂರದಿಂದ ತೆಗೆದದ್ದು. ದೊಡ್ಡ ಲೆನ್ಸ್ ಹಾಕಿದರೆ ಕರಡಿ ಹತ್ತಿರ ಕಾಣುತ್ತೆ. ಶಬ್ದ ಹಾಗೆ ಹತ್ತಿರ ಬರಲ್ಲ."

"ಡೈನೋಸಾರ್‌ದು?"

1993ರ 'ಜುರಾಸಿಕ್ ಪಾರ್ಕ್'ನ ಟಿ. ರೆಕ್ಸ್ ಗರ್ಜನೆಯಲ್ಲಿ ಆನೆಮರಿಯ ಕೂಗಿದೆ, ಹುಲಿ ಮತ್ತು ಆಲಿಗೇಟರ್ ದನಿಯೂ ಇದೆ ಅಂದೆ. ಅದು ಸತ್ತು 6.6 ಕೋಟಿ ವರ್ಷವಾಯಿತು, ಗಂಟಲಿನ ಮೆತ್ತನೆ ಭಾಗ ಕಲ್ಲಾಗಿ ಉಳಿದಿಲ್ಲ. ಅದರ ನೆಂಟರಲ್ಲಿ ಈಗ ಉಳಿದಿರೋದು ಹಕ್ಕಿ, ಮೊಸಳೆ. ಬಾಯಿ ತೆರೆಯದೆ ಗಂಟಲಲ್ಲೇ ಗುಡುಗುಟ್ಟುತ್ತಿದ್ದಿರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಬಾಲ್ಕನಿ ಪಾರಿವಾಳ ತೋರಿಸಿದೆ. ಕೊಕ್ಕು ಮುಚ್ಚಿಯೇ ಇತ್ತು. ಕತ್ತು ಮಾತ್ರ ಉಬ್ಬಿ ಇಳಿಯುತ್ತಿತ್ತು. ಪುಟ್ಟಿ ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ತಾನೂ ತುಟಿ ಬಿಗಿದು 'ಹೂಂ' ಅಂದು, ಕತ್ತಿನ ಮೇಲೆ ಕೈ ಇಟ್ಟು ನೋಡಿಕೊಂಡಳು.

"ನಿಜವಾದ ಶಬ್ದ ಯಾವುದೂ ಇಲ್ವಾ ನಿನ್ನ ಹತ್ರ?"

ಮಂಗಳ ಗ್ರಹದ ಗಾಳಿ ಕೇಳಿಸಿದೆ. 2021ರ ಫೆಬ್ರವರಿಯಲ್ಲಿ ಅಲ್ಲಿನ ಜೆಜೆರೊ ಕುಳಿಯಲ್ಲಿ ಇಳಿದ ನಾಸಾದ ಓಡಾಡುವ ಯಂತ್ರ, ಪರ್ಸಿವಿಯರೆನ್ಸ್ ರೋವರ್‌ನಲ್ಲಿ ಮೈಕ್ ಇದೆ. ಜೊತೆಗೆ ಹೋದ ಪುಟ್ಟ ಇಂಜೆನ್ಯುಟಿ ಹೆಲಿಕಾಪ್ಟರ್ ಹಾರಿದ್ದನ್ನೂ ಅದು ಹಿಡಿದಿದೆ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಭಾಗವೂ ಇಲ್ಲ, ಹಾಗಾಗಿ ಶಬ್ದ ತೀರಾ ಕ್ಷೀಣ. ಕೀರಲು ದನಿ ದಪ್ಪ ದನಿಗಿಂತ ಸ್ವಲ್ಪ ಮೊದಲೇ ತಲುಪುತ್ತದೆ ಕೂಡ. ಹೆಡ್‌ಫೋನ್ ಅವಳ ಕಿವಿಗೆ ದೊಡ್ಡದು, ಎರಡೂ ಕೈಯಿಂದ ಒತ್ತಿಕೊಂಡಿದ್ದಳು. ತೆಗೆಯಲೇ ಒಪ್ಪಲಿಲ್ಲ.

ತೆಗೆದ ಮೇಲೆ ಕೇಳಿದಳು: "ಅಷ್ಟು ದೂರದ್ದು ಸಿಕ್ಕಿದೆ. ಕರಡಿದು ಯಾಕೆ ಸಿಗಲಿಲ್ಲ?"

ಅಕ್ಕ ಬಂದು ಕರೆದುಕೊಂಡು ಹೋದಳು. ನಾನು ಊಟಕ್ಕೂ ಏಳದೆ ಅಲ್ಲೇ ಕೂತಿದ್ದೆ.

ಎಲ್ಲರೂ ಹೀಗೇ ಮಾಡೋದು, ನನಗೂ ಹೀಗೇ ಕಲಿಸಿದ್ದು. ಎಲೆ ಸಪ್ಪಳ ಪರವಾಗಿಲ್ಲ, ಕಾಡಿನ ಎಲೆಯೂ ಹಾಗೇ ಕೇಳುತ್ತದೆ. ಆದರೆ ಗೆದ್ದಲು ಹೀರುವ ಶಬ್ದ ಕರಡಿಗೇ ಸೇರಿದ್ದು. ಮೇಲಿನ ಎದುರು ಹಲ್ಲು ಎರಡು ಅದಕ್ಕಿಲ್ಲ. ಆ ಸಂದಿಯಿಂದ, ತುಟಿ ಮುಂದೆ ಚಾಚಿ ಗೆದ್ದಲನ್ನು ಎಳೆದುಕೊಳ್ಳುತ್ತದೆ. ರಾತ್ರಿ ಹೊತ್ತು ಎಷ್ಟೋ ದೂರಕ್ಕೆ ಕೇಳುತ್ತದೆ ಅದು. ಅಲ್ಲಿಗೆ ಎಳನೀರು ತಂದು ಇಟ್ಟಿದ್ದೇನೆ. ನೋಡುವ ಮಕ್ಕಳು ಅದನ್ನೇ ಕರಡಿ ಅಂದುಕೊಂಡು ಬೆಳೀತಾರೆ.

ಆ ತುಣುಕು ಅಳಿಸಿದೆ. ಈಗ ಹುತ್ತದ ಮುಂದೆ ಕರಡಿ ಸದ್ದಿಲ್ಲದೆ ತಲೆ ಆಡಿಸುತ್ತಿದೆ. ನೋಡಲು ಕಷ್ಟವಾಗುತ್ತದೆ.

ನಾಳೆ ಅರಣ್ಯ ಇಲಾಖೆಗೆ ಪತ್ರ ಬರೆಯಬೇಕು. ಹುತ್ತದ ಬುಡದಲ್ಲಿ ಒಂದು ಸಣ್ಣ ರೆಕಾರ್ಡರ್, ನಾಲ್ಕೈದು ರಾತ್ರಿ ಬಿಟ್ಟರೆ ಸಾಕು. ಬ್ಯಾಟರಿ ಒಂದು ರಾತ್ರಿ ಪೂರ್ತಿ ಬರುತ್ತಾ ಅಂತ ಮೊದಲು ನೋಡಬೇಕು, ಆಮೇಲೆ