ಮೊದಲು ಒಂದಾಗಿ ಅನ್ನುವವರಿಗೆ

8 ಜೂನ್ 2025, ಭಾನುವಾರ
ಶಿವಮೊಗ್ಗ

ನಾಳೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ತೀರಿಕೊಂಡ ದಿನ. 1972ರ ಜೂನ್ 9. ಊರಿನ ಹಳೆಯ ಸಮಾಜವಾದಿಗಳು ಫೋಟೋಗೆ ಹಾರ ಹಾಕಿ ನಾಲ್ಕು ಮಾತಾಡುತ್ತಾರೆ. ಅದರಲ್ಲಿ ಒಂದು ಮಾತು ಖಂಡಿತ ಇರುತ್ತದೆ. ಎಡದವರು ಕಚ್ಚಾಡಿಯೇ ಹಾಳಾದರು, ಮೊದಲು ಒಂದಾಗಬೇಕು, ಜಗಳ ಆಮೇಲೆ. ಇವತ್ತಿನ ಸಭೆಯಲ್ಲೂ ಇದೇ ಬಂತು. ನನಗೆ ಇದನ್ನು ಒಪ್ಪೋಕೆ ಆಗುವುದಿಲ್ಲ.

ನಾವು ಸೇರಿದ್ದು ಬಗರ್ ಹುಕುಂ ಸಾಗುವಳಿದಾರರ, ಅಂದರೆ ಸರ್ಕಾರಿ ಜಮೀನನ್ನು ಹಕ್ಕುಪತ್ರವಿಲ್ಲದೆ ಉಳುತ್ತಿರುವವರ, ಮನವಿ ಬರೆಯಲಿಕ್ಕೆ. ಸಕ್ರಮ ಮಾಡಿಕೊಡಿ ಅಂತ ಫಾರಂ 50, 53, 57ರಲ್ಲಿ ಅರ್ಜಿ ಹಾಕಿ ಹಾಕಿ ಸೋತವರು ಮಲೆನಾಡಿನ ಯಾವ ಊರಿಗೆ ಹೋದರೂ ಸಿಗುತ್ತಾರೆ. ಶರಾವತಿ ಮುಳುಗಡೆಯವರ ಪಾಡು ಇನ್ನೂ ಕಷ್ಟ. ಅವರ ಊರು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ? ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಅಣೆಕಟ್ಟಿಗೆ ಮನೆ ಬಿಟ್ಟು ಕಾಡಿಗೆ ಬಂದು ಕೂತವರು ಅಷ್ಟು ಹಳೆಯ ದಾಖಲೆ ಎಲ್ಲಿಂದ ತರಬೇಕು? ಈ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ.

ಜಗಳ ಬಂದಿದ್ದು ಕೊನೆಯ ಸಾಲಿನಲ್ಲಿ. ಭದ್ರಾವತಿಯಿಂದ ಬಂದಿದ್ದ ದಲಿತ ಸಂಘಟನೆಯ ಅಕ್ಕ ಹೀಗೆ ಬರೆಸಿದ್ದರು: ತೋಟದ ಕೂಲಿಯವರಿಗೆ ಸಾಗುವಳಿಗೂ ಭೂಮಿ ಕೊಡಬೇಕು, ದೊಡ್ಡ ಹಿಡುವಳಿದಾರರ ಒತ್ತುವರಿ ಸಕ್ರಮ ಮಾಡಬಾರದು. ತೀರ್ಥಹಳ್ಳಿ ಕಡೆಯ ರೈತ ಮುಖಂಡರೊಬ್ಬರು ಕೆಂಪು ಪೆನ್ನು ತೆಗೆದುಕೊಂಡು ಸಾಲಿನ ಎರಡನೇ ಅರ್ಧಕ್ಕೆ ಗೆರೆ ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಮೊದಲ ಅರ್ಧಕ್ಕೂ ಎಳೆದರು.

"ಇದನ್ನ ಬೇರೆ ಮನವಿಯಲ್ಲಿ ಹಾಕೋಣ ಅಕ್ಕ. ಇದಿದ್ರೆ ನಮ್ಮ ಜನ ಸಹಿ ಹಾಕಲ್ಲ."

"ಬೇರೆ ಮನವಿ ಯಾವಾಗಣ್ಣಾ? ನಮ್ಮಪ್ಪಂಗೂ ಹೀಗೇ ಹೇಳಿದ್ರಿ."

ಯೂನಿಯನ್‌ನಲ್ಲಿ ಜೀವ ಸವೆಸಿದ ಹಿರಿಯರು ಮಧ್ಯೆ ಬಂದರು. ಇದನ್ನು ಕೂಲಿ ಹೆಚ್ಚಳದ ಬೇಡಿಕೆ ಮಾಡಿ, ಜಾತಿ ತರಬೇಡಿ, ವರ್ಗದ ಪ್ರಶ್ನೆ ಬಗೆಹರಿದರೆ ಉಳಿದಿದ್ದು ತಾನಾಗೇ ಸರಿಹೋಗುತ್ತೆ ಅಂದರು. "ಕೂಲಿ ಒಂದೇ ಕೊಡ್ತಾರೆ ಕಾಮ್ರೇಡ್, ಕಾಫಿ ಲೋಟ ಮಾತ್ರ ನಮಗೆ ಬೇರೆ ಇಡ್ತಾರೆ" ಅಂದರು ಅಕ್ಕ. ಹಿರಿಯರು ಸುಮ್ಮನಾದರು. ಆದರೆ ಕೆಂಪು ಗೆರೆ ಹಾಗೇ ಉಳಿಯಿತು.

ರೈತ ಮುಖಂಡರ ಭಯ ಸುಳ್ಳಲ್ಲ. ಒತ್ತುವರಿ ತೆರವು ಅಂತ ಬಂದಾಗ ನೋಟಿಸ್ ಮೊದಲು ಹೋಗುವುದು ಎರಡು ಎಕರೆಯವನಿಗೆ. ದೊಡ್ಡವರು ಕೋರ್ಟಿಗೆ ಹೋಗಿ ತಡೆ ತರುತ್ತಾರೆ. ಆದರೆ ಬಗರ್ ಹುಕುಂ ಸಕ್ರಮಕ್ಕೆ ಮಿತಿ ಮೊದಲೇ ಇದೆ. ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆ ದಾಟುವ ಹಾಗಿಲ್ಲ. ಅಕ್ಕ ಕೇಳಿದ್ದೂ ಇದನ್ನೇ ಅಲ್ವಾ? ಹಾಗಾದರೆ ಯಾರ ಜಮೀನು ಉಳಿಸಲಿಕ್ಕೆ ಆ ಗೆರೆ?

ಸಾಗರ ತಾಲ್ಲೂಕಿನ ಕಾಗೋಡಿನ ರೈತ ಹೋರಾಟ ಅಂದರೆ ನಮಗೆಲ್ಲ ಎದೆ ಉಬ್ಬುತ್ತದೆ. ಗೇಣಿ ಭತ್ತ ಅಳೆಯುವ ಕೊಳಗದ ವಿಷಯದಲ್ಲಿ ದೀವರ ಸಮುದಾಯದ ಗೇಣಿದಾರರು ಜಮೀನಿನ ಒಡೆಯರ ಎದುರು ನಿಂತರು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. 1951ರಲ್ಲಿ ಗೋಪಾಲಗೌಡರು, ಸಮಾಜವಾದಿಗಳು ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಫಲ ಉಳುವವನಿಗೇ ಭೂಮಿ ಅನ್ನುವ ಕಾನೂನಾಗಿ ಕೈಗೆ ಬಂದಿದ್ದು ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ. ನಮ್ಮ ಮನೆಯ ಗದ್ದೆಯೂ ಅಜ್ಜ ಡಿಕ್ಲರೇಷನ್, ಅಂದರೆ ಗೇಣಿ ಜಮೀನು ತನಗೆ ಬೇಕೆಂಬ ಅರ್ಜಿ, ಹಾಕಿ ಗೆದ್ದಿದ್ದೇ. ಆ ಕಾಯ್ದೆ ಇಲ್ಲದಿದ್ದರೆ ನಾನು ಕಾಲೇಜು ಮೆಟ್ಟಿಲು ಹತ್ತುತ್ತಿರಲಿಲ್ಲ.

ಆದರೆ ಭೂಮಿ ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡಿದವರಿಗೆ ಆ ಕಾಯ್ದೆಯಿಂದ ಹೆಚ್ಚಾಗಿ ಸಿಕ್ಕಿದ್ದು ವಾಸದ ಮನೆ, ಅದರ ಅಡಿಯ ಜಾಗ. ಅಷ್ಟೇ. ನಮ್ಮ ಗದ್ದೆ ಈಗ ಅಡಿಕೆ ತೋಟ. ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ಹೆಂಗಸರು ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಬೆರಳು ಕಪ್ಪಾಗಿ, ಉಗುರಿನ ಸಂದಿಯೆಲ್ಲ ಸೀಳಿರುತ್ತದೆ. ಸುಲಿದಷ್ಟಕ್ಕೆ ದುಡ್ಡು. ಅವರ ಅಜ್ಜಿಯರು ನಮ್ಮ ಅಜ್ಜನ ಗದ್ದೆಯಲ್ಲಿ ನಾಟಿ ಮಾಡಿದವರು. ಅಡಿಕೆ ಗೊನೆ ಕೊಯ್ಯುವವನು, ಔಷಧಿ ಹೊಡೆಯುವವನು ಮರದಿಂದ ಬಿದ್ದರೆ ಆ ಮನೆ ಕಥೆ ಮುಗಿದ ಹಾಗೆ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಸುಮ್ನೆ ಅಲ್ಲ. ರೈತ ಅಂದಾಗ ಈ ಕೂಲಿಯವರು ಲೆಕ್ಕಕ್ಕೆ ಬರುತ್ತಿರಲಿಲ್ಲ, ಕಾರ್ಮಿಕ ಅಂದಾಗಲೂ ಬರುತ್ತಿರಲಿಲ್ಲ.

ಒಂದಾಗೋಣ ಅಂತ ಮುಂದೂಡುವ ಜಗಳ ಪ್ರತಿಸಲವೂ ಇವರದೇ. ಭೂಮಿ ಇದ್ದವರ ಬೇಡಿಕೆ ಯಾವತ್ತಾದರೂ "ಬೇರೆ ಮನವಿ"ಗೆ ಹೋಗಿದ್ದುಂಟಾ? ನಾನಂತೂ ನೋಡಿಲ್ಲ.

ಜಗಳ ಮುಂದೂಡದಿದ್ದರೆ ಬೆಲೆ ತೆರಬೇಕು, ಅದೂ ಗೊತ್ತು. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಇದ್ದಿದ್ದು ಪ್ರಜಾ ಸಮಾಜವಾದಿ ಪಕ್ಷದ ಪಟ್ಟಂ ತಾಣು ಪಿಳ್ಳೆ ಸರ್ಕಾರ. ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಲೋಹಿಯಾ ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿ. ಜೈಲಿನಿಂದಲೇ ನಮ್ಮ ಸರ್ಕಾರ ರಾಜೀನಾಮೆ ಕೊಡಬೇಕು ಅಂದರು. ಸರ್ಕಾರ ಕೇಳಲಿಲ್ಲ. ಕೊನೆಗೆ ಪಕ್ಷವೇ ಒಡೆಯಿತು. ಇವತ್ತು ಸಭೆಯಲ್ಲಿ ಒಬ್ಬರು ಇದನ್ನೇ ನೆನಪಿಸಿ, ಅವರು ಸ್ವಲ್ಪ ತಡೆದಿದ್ದರೆ ಸಮಾಜವಾದಿಗಳ ಗತಿ ಹೀಗಾಗುತ್ತಿರಲಿಲ್ಲ ಅಂದರು. ಇರಬಹುದು. ಆದರೆ ಗುಂಡಿಗೆ ಸತ್ತವರ ಮನೆಯವರಿಗೆ ಯಾರು ಏನಂತ ಹೇಳಬೇಕಿತ್ತು? ಪಕ್ಷ ಗಟ್ಟಿಯಾಗಲಿ, ಆಮೇಲೆ ಕೇಳುತ್ತೇವೆ ಅಂತಲೇ? 1975ರ ತುರ್ತುಪರಿಸ್ಥಿತಿಯಲ್ಲಿ ಕಮ್ಯುನಿಸ್ಟ್ ಪಕ್ಷ ಸಿಪಿಐ ಇಂದಿರಾ ಗಾಂಧಿ ಪರ ನಿಂತಾಗ ಸಮಾಜವಾದಿಗಳು ಜೈಲಿನಲ್ಲಿದ್ದರು. ಅವತ್ತು ಒಗ್ಗಟ್ಟಿನ ಹೆಸರಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಒಳ್ಳೆಯದಾಗುತ್ತಿತ್ತು?

ನೀನು ಯಾರ ಕಡೆಯವನು, ಯಾರ ದುಡ್ಡು ತಿಂದೆ ಅಂತ ಕೇಳುವ ಜಗಳ ನನಗೂ ಬೇಡ. ಅದರಲ್ಲಿ ವಿಷಯವೇ ಇರುವುದಿಲ್ಲ. ಇವತ್ತಿನದು ಹಾಗಲ್ಲ. ಭೂಮಿ ಯಾರಿಗೆ ಅನ್ನುವ ಪ್ರಶ್ನೆ ಬಿಟ್ಟು ನಾವು ಸೇರುವುದಾದರೂ ಯಾಕೆ?

ಶುದ್ಧ ಪ್ರತಿ ಬರೆಯುವ ಕೆಲಸ ನನಗೆ ಬಿದ್ದಿದೆ. ಗೆರೆ ಎಳೆದ ಸಾಲನ್ನು ಎರಡನೇ ಬೇಡಿಕೆಯಾಗಿ ಹಾಕಿದ್ದೇನೆ. ಪಕ್ಕದಲ್ಲೇ ಇದಕ್ಕೆ ಒಪ್ಪಿಗೆ ಆಗಿಲ್ಲ ಅಂತಲೂ ಬರೆದಿದ್ದೇನೆ. ಬೇಡ ಅನ್ನುವವರು ಮುಂದಿನ ಭಾನುವಾರ ಎಲ್ಲರ ಎದುರು ಕಾರಣ ಹೇಳಲಿ. ಅಕ್ಕನಿಗೆ ಫೋನ್ ಮಾಡಿ ತಿಳಿಸಿದೆ. ಸುಲಿಯುವ ಹೆಂಗಸರನ್ನೂ ಕರೆದುಕೊಂಡು ಬರ್ತೀನಿ ಅಂದರು. ಅಷ್ಟು ಜನ ಬಂದರೆ ಈ ರೂಮು ಸಾಲುವುದಿಲ್ಲ. ನಾಳೆ ಬೆಳಿಗ್ಗೆಯೇ ಬೇರೆ ಹಾಲ್ ವಿಚಾರಿಸಬೇಕು.